ಕೊನೆಯ ಸೀಟಿನ ಲೆಕ್ಕ: ಆರೋಗ್ಯ ಶಿಕ್ಷಣದ ಪ್ರವೇಶ ಸಮಿತಿಗಳಿಗೊಂದು ಬಹಿರಂಗ ಪತ್ರ

ಮಾನ್ಯರೇ,

ವೈದ್ಯಕೀಯ, ದಂತವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ರೇಡಿಯಾಗ್ರಫಿ ಮುಂತಾದ ಪದವಿಗಳಿಗೆ ಯಾರನ್ನು ಸೇರಿಸಿಕೊಳ್ಳಬೇಕು, ಯಾರನ್ನು ವಾಪಸು ಕಳಿಸಬೇಕು ಎಂದು ತೀರ್ಮಾನಿಸುವ ನಿಮಗೆ ಈ ಪತ್ರ. ಅಂಕ ಹೊಂದಿಸುವುದು, ಪರೀಕ್ಷೆಯ ದೋಷ ಲೆಕ್ಕ ಹಾಕುವುದು, ಸಂದರ್ಶನದ ಅಂಕ ಕೂಡಿಸುವುದು ಇವೆಲ್ಲ ಹೇಗೆ ನಡೆಯುತ್ತವೆಂದು ಬಲ್ಲವರು ಸೇರಿ ಬರೆಯುತ್ತಿದ್ದೇವೆ. ನಮ್ಮ ತಕರಾರು ಒಂದೇ. ನಿಮ್ಮ ಮೆರಿಟ್ ಪಟ್ಟಿಯಲ್ಲಿ ಒಳಗೆ ಬಂದ ಕೊನೆಯವನನ್ನೂ ಹೊರಗುಳಿದ ಮೊದಲನೆಯವಳನ್ನೂ ಬೇರೆ ಮಾಡುವ ಶಕ್ತಿ ಅಂಕಕ್ಕೆ ಇಲ್ಲ. ಇದೆ ಎಂದು ನಟಿಸುವುದನ್ನು ದಯವಿಟ್ಟು ನಿಲ್ಲಿಸಿ.

ಮೊದಲು ಒಂದು ಸಣ್ಣ ಲೆಕ್ಕ. 100 ಅಂಕದ ಪ್ರವೇಶ ಪರೀಕ್ಷೆ ಎಂದಿಟ್ಟುಕೊಳ್ಳಿ. ಅಂಕಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಚದುರಿವೆ ಎಂಬ ಹರವು, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್, 10. ಪರೀಕ್ಷೆಯ ವಿಶ್ವಾಸಾರ್ಹತೆ, ಅಂದರೆ ಮತ್ತೆ ಬರೆಸಿದರೆ ಅಂಕ ಎಷ್ಟು ಸ್ಥಿರವಾಗಿ ಉಳಿಯುತ್ತದೆ ಎಂಬುದರ ಅಳತೆ (ಗರಿಷ್ಠ 1), 0.9. ಒಳ್ಳೆಯ ಪರೀಕ್ಷೆಯೇ, ಅವಸರದಲ್ಲಿ ತಯಾರಾದ ಪ್ರಶ್ನೆಪತ್ರಿಕೆಗಳು ಇದನ್ನು ಮುಟ್ಟುವುದಿಲ್ಲ. ಒಬ್ಬ ಅಭ್ಯರ್ಥಿಯ ಅಂಕದಲ್ಲಿ ಅಡಗಿರುವ ದೋಷ ಎಷ್ಟು? 1ರಿಂದ 0.9 ಕಳೆಯಿರಿ, ಬಂದದ್ದರ ವರ್ಗಮೂಲ ತೆಗೆಯಿರಿ, 10ರಿಂದ ಗುಣಿಸಿ: ಸುಮಾರು 3.2 ಅಂಕ. ಅದೇ ಹುಡುಗಿ ಅದೇ ಮಟ್ಟದ ಇನ್ನೊಂದು ಪ್ರಶ್ನೆಪತ್ರಿಕೆ ಬರೆದಿದ್ದರೆ ಮೂರು ಅಂಕ ಆಚೀಚೆ ಆಗುವುದು ಮಾಮೂಲು. ಇಬ್ಬರನ್ನು ಹೋಲಿಸುವಾಗ ಇಬ್ಬರ ದೋಷವೂ ಸೇರಿ ಅದು 4.5ರ ಹತ್ತಿರ ಹೋಗುತ್ತದೆ. ಹಾಗಾಗಿ 1 ಅಂಕ ಹೆಚ್ಚು ಪಡೆದವಳು ನಿಜಕ್ಕೂ ಮೇಲಿನವಳಾಗಿರುವ ಸಂಭವ ನೂರಕ್ಕೆ ಸುಮಾರು 58. ನಾಣ್ಯ ಚಿಮ್ಮಿದರೆ 50. ಇಬ್ಬರ ನಡುವೆ 8–9 ಅಂಕದ ಅಂತರ ಇದ್ದರಷ್ಟೇ ಯಾರು ಮೇಲೆ ಎಂದು ಧೈರ್ಯವಾಗಿ ಹೇಳಬಹುದು. ನೀವೋ ದಶಮಾಂಶದ ಎರಡನೇ ಸ್ಥಾನದವರೆಗೆ ಇಳಿದು ರ‍್ಯಾಂಕ್ ಕೊಡುತ್ತೀರಿ. ಸೌದೆ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿದ ಹಾಗೆ.

ಇದನ್ನು ಬಹಿರಂಗವಾಗಿ ಒಪ್ಪಿಕೊಳ್ಳುವವರೂ ಇದ್ದಾರೆ. ಅಮೆರಿಕದ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ಎಂಸಿಎಟಿಯ ಒಟ್ಟು ಅಂಕ 472ರಿಂದ 528ರವರೆಗೆ ಇರುತ್ತದೆ. ಅಂಕದ ಜೊತೆಗೇ 2 ಅಂಕ ಮೇಲೆ, 2 ಅಂಕ ಕೆಳಗೆ ಎಂಬ ವ್ಯಾಪ್ತಿಯನ್ನೂ ಕೊಡುತ್ತಾರೆ; 511 ಎಂದರೆ 509ರಿಂದ 513 ಎಂದು ಓದಿಕೊಳ್ಳಿ ಎಂದರ್ಥ. ಆ ವ್ಯಾಪ್ತಿಯನ್ನು ಎಲ್ಲ ಕಾಲೇಜುಗಳೂ ಗಮನಿಸುತ್ತವೆಯೇ ಎಂಬುದು ಬೇರೆ ಮಾತು. ಮುದ್ರಿಸುವ ಪ್ರಾಮಾಣಿಕತೆಯಾದರೂ ಇದೆ.

ಒಂದೇ ಒಂದು ಪ್ರಶ್ನೆ ಪಟ್ಟಿಯ ತುದಿಯನ್ನು ಹೇಗೆ ಅಲ್ಲಾಡಿಸುತ್ತದೆ ಎಂಬುದಕ್ಕೆ 2024ರ ನೀಟ್ ಸಾಕು. ಭೌತಶಾಸ್ತ್ರದಲ್ಲಿ ಪರಮಾಣುವಿನ ಬಗ್ಗೆ ಎರಡು ಹೇಳಿಕೆ ಕೊಟ್ಟು, ಯಾವುದು ಸರಿ ಎಂದು ಕೇಳಿದ್ದರು. ಹಳೆಯ ಪಠ್ಯಪುಸ್ತಕದಲ್ಲಿದ್ದ ಒಂದು ವಾಕ್ಯದಿಂದಾಗಿ ಎರಡು ಉತ್ತರಗಳನ್ನು ಒಪ್ಪಿಕೊಂಡರು. ಮೊದಲು ಬಂದ ಫಲಿತಾಂಶದಲ್ಲಿ 67 ಮಂದಿಗೆ 720ಕ್ಕೆ 720. ಅವರಲ್ಲಿ 44 ಮಂದಿಗೆ ಪೂರ್ಣಾಂಕ ಬಂದದ್ದು ಈ ಒಂದು ಪ್ರಶ್ನೆಯ ಸಡಿಲಿಕೆಯಿಂದ. ಐಐಟಿ ದೆಹಲಿಯ ತಜ್ಞರ ಅಭಿಪ್ರಾಯ ಪಡೆದು, ಒಂದೇ ಉತ್ತರ ಸರಿ ಎಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ 4 ಲಕ್ಷಕ್ಕೂ ಹೆಚ್ಚು ಅಭ್ಯರ್ಥಿಗಳು ತಲಾ 5 ಅಂಕ ಕಳೆದುಕೊಂಡರು. ಸಿಕ್ಕಿದ್ದ 4 ಹೋಯಿತು, ತಪ್ಪುತ್ತರದ 1 ಮೇಲೆ ಬಿತ್ತು. ಕೊನೆಯ ಪಟ್ಟಿಯಲ್ಲಿ ಪೂರ್ಣಾಂಕದವರು 17. ಪಟ್ಟಿಯ ನಡುಭಾಗದಲ್ಲಿ 5 ಅಂಕವೆಂದರೆ ಸಾವಿರಾರು ರ‍್ಯಾಂಕ್. ಆ ವಿದ್ಯಾರ್ಥಿಗಳ ಜೀವಶಾಸ್ತ್ರದ ಜ್ಞಾನ, ರೋಗಿಯ ಮುಂದೆ ನಿಲ್ಲುವ ತಾಳ್ಮೆ, ಓದುವ ತಾಕತ್ತು ಇವುಗಳಲ್ಲಿ ಒಂದು ಎಳ್ಳಿನಷ್ಟೂ ಬದಲಾಗಿರಲಿಲ್ಲ.

ಇನ್ನು ಕಟ್‌ಆಫ್. ಕಟ್‌ಆಫ್ ಎಂದರೆ ಕೊನೆಯ ಸೀಟು ಹಿಡಿದವರ ಅಂಕ, ಅಷ್ಟೇ. ಈ ವರ್ಷ 100 ಸೀಟಿಗೆ 2,000 ಅರ್ಜಿ ಬಂದು 95ಕ್ಕೆ ನಿಂತಿತು, ಮುಂದಿನ ವರ್ಷ 3,000 ಬಂದು 96ಕ್ಕೆ ನಿಂತಿತು ಎಂದರೆ ಕೋರ್ಸ್ ಕಷ್ಟವಾಯಿತೆಂದಲ್ಲ, ಸಾಲು ಉದ್ದವಾಯಿತು. ಆದರೆ ನೀವು ಅದನ್ನು ಕೈಪಿಡಿಯಲ್ಲಿ ‘ಅಗತ್ಯವಿರುವ ಅಂಕ’ ಎಂಬ ಶೀರ್ಷಿಕೆಯಡಿ ಅಚ್ಚು ಹಾಕುತ್ತೀರಿ. ಪೋಷಕರು ಅದನ್ನು ಕೋರ್ಸಿನ ಘನತೆಯ ಅಳತೆ ಎಂದು ಓದಿಕೊಳ್ಳುತ್ತಾರೆ. ಹೀಗೆ ಒಂದು ಏಣಿ ತಯಾರಾಗುತ್ತದೆ: ಮೇಲೆ ಮೆಡಿಕಲ್, ಕೆಳಗೆ ಡೆಂಟಲ್, ಅದರ ಕೆಳಗೆ ಫಿಸಿಯೋ, ಇನ್ನೂ ಕೆಳಗೆ ನರ್ಸಿಂಗ್. ಮೇಲಿನ ಮೆಟ್ಟಿಲು ತಪ್ಪಿದವರು ಕೆಳಗಿನದರಲ್ಲಿ ಕಾಲಿಟ್ಟು, ಅಲ್ಲಿಂದಲೇ ಮತ್ತೆ ಪರೀಕ್ಷೆ ಬರೆದು, ಒಂದು ವರ್ಷಕ್ಕೆ ಹೊರಟುಹೋಗುತ್ತಾರೆ. ಎರಡನೇ ವರ್ಷಕ್ಕೆ ಹೊಸಬರನ್ನು ತುಂಬಿಸಿಕೊಳ್ಳುವ ದಾರಿ ಬಹುಪಾಲು ಕಡೆ ಇಲ್ಲ. ಆ ಕುರ್ಚಿ ಕೋರ್ಸ್ ಮುಗಿಯುವವರೆಗೂ ಖಾಲಿ. ಫಿಸಿಯೋಥೆರಪಿಯನ್ನೇ ಮೊದಲ ಆಯ್ಕೆಯಾಗಿ ಬರೆದು ಅರ್ಧ ಅಂಕದಲ್ಲಿ ತಪ್ಪಿಸಿಕೊಂಡವಳು ಆ ಹೊತ್ತಿಗೆ ಬೇರೆ ಏನೋ ಓದುತ್ತಿರುತ್ತಾಳೆ.

ಗ್ರೇಡುಗಳನ್ನು ಬೇರೆ ಅಳತೆಗೆ ಪರಿವರ್ತಿಸುವಾಗ ಆಗುವ ಅನ್ಯಾಯ ಇದಕ್ಕಿಂತ ಸದ್ದಿಲ್ಲದ್ದು. ಕೆನಡಾದ ಒಂಟಾರಿಯೊದ ವೈದ್ಯಕೀಯ ಅರ್ಜಿಗಳಲ್ಲಿ ಬಳಸುವ ಪರಿವರ್ತನೆ ಪಟ್ಟಿಗಳಲ್ಲಿ ಒಂದನ್ನು ನೋಡಿ. ಶೇಕಡಾ 90 ಮತ್ತು ಮೇಲಿನದಕ್ಕೆ 4.0, 85–89ಕ್ಕೆ 3.9, 80–84ಕ್ಕೆ 3.7, 77–79ಕ್ಕೆ 3.3. ಈಗ ನಾಲ್ಕು ವಿಷಯ ಓದಿದ ಇಬ್ಬರನ್ನು ತೆಗೆದುಕೊಳ್ಳಿ. ಒಬ್ಬಳಿಗೆ ನಾಲ್ಕರಲ್ಲೂ 84. ಸರಾಸರಿ 84, ಗ್ರೇಡ್ ಪಾಯಿಂಟ್ 3.7. ಇನ್ನೊಬ್ಬನಿಗೆ ಎರಡರಲ್ಲಿ 85, ಎರಡರಲ್ಲಿ 80, ಸರಾಸರಿ 82.5, ಗ್ರೇಡ್ ಪಾಯಿಂಟ್ 3.8. ಹೆಚ್ಚು ಅಂಕ ಪಡೆದವಳು ಕೆಳಗೆ, ಕಡಿಮೆಯವನು ಮೇಲೆ. 79ರಿಂದ 80ಕ್ಕೆ ಹೋಗುವ ಒಂದು ಅಂಕಕ್ಕೆ 0.4 ಬೆಲೆ, 80ರಿಂದ 84ಕ್ಕೆ ಹೋಗುವ ನಾಲ್ಕು ಅಂಕಕ್ಕೆ ಸೊನ್ನೆ. ಇದು ಗೊತ್ತಿರುವ ವಿದ್ಯಾರ್ಥಿ ಏನು ಮಾಡುತ್ತಾನೆ? ಕಷ್ಟದ ವಿಷಯ ಬಿಟ್ಟು, ಗೆರೆ ದಾಟಿಸುವ ಸುಲಭದ ವಿಷಯ ಹಿಡಿಯುತ್ತಾನೆ. 79 ಬಂದರೆ ಉಪನ್ಯಾಸಕರ ಬಾಗಿಲಲ್ಲಿ ಒಂದು ಅಂಕಕ್ಕಾಗಿ ನಿಲ್ಲುತ್ತಾನೆ. ತಪ್ಪು ಅವನದ್ದಲ್ಲ. ಗೆರೆ ಎಳೆದವರು ಯಾರು? ಮೂಲ ಅಂಕ ಕೈಯಲ್ಲಿದ್ದರೆ ಮೂಲ ಅಂಕವನ್ನೇ ಬಳಸಿ. ಪಟ್ಟಿ ಬೇಕೇಬೇಕೆಂದಾದರೆ ಪ್ರತಿ ಅಂಕಕ್ಕೂ ಬೆಲೆ ಇರುವಂಥ, ಮೆಟ್ಟಿಲಿಲ್ಲದ ಪಟ್ಟಿ ಮಾಡಿ.

ಬೇರೆ ಬೇರೆ ಮಂಡಳಿಗಳ ಅಂಕ ಹೋಲಿಸುವುದು ಇನ್ನೂ ತೊಡಕಿನ ಕೆಲಸ. ಒಂದು ಮಂಡಳಿ ಧಾರಾಳವಾಗಿ ಅಂಕ ಹಂಚುತ್ತದೆ, ಇನ್ನೊಂದು ಬಿಗಿ. ಪರಿಹಾರವಾಗಿ ಪರ್ಸೆಂಟೈಲ್ ತರುತ್ತಾರೆ: ನಿನ್ನ ಮಂಡಳಿಯಲ್ಲಿ ನಿನಗಿಂತ ಕೆಳಗೆ ಶೇಕಡಾ ಎಷ್ಟು ಮಂದಿ? ಕಚ್ಚಾ ಅಂಕಕ್ಕಿಂತ ಇದು ಎಷ್ಟೋ ವಾಸಿ. ಆದರೆ ಎಲ್ಲ ಮಂಡಳಿಗಳಲ್ಲೂ ವಿದ್ಯಾರ್ಥಿಗಳ ಮಟ್ಟ ಒಂದೇ ಎಂಬ ಊಹೆ ಇದರ ಬುಡದಲ್ಲಿದೆ. ಕೆಲವೇ ಸಾವಿರ ಮಂದಿ, ಅದೂ ಆಯ್ದ ಶಾಲೆಗಳವರು ಬರೆಯುವ ಮಂಡಳಿಯಲ್ಲಿ 90ನೇ ಪರ್ಸೆಂಟೈಲಿಗೂ, ಎಲ್ಲರೂ ಬರೆಯುವ ಮಂಡಳಿಯ 90ಕ್ಕೂ ವ್ಯತ್ಯಾಸ ಇರುತ್ತದೆ. ಮೇಲ್ತುದಿಯಲ್ಲಿ ನೂರಾರು ಮಂದಿಗೆ ಪೂರ್ಣಾಂಕ ಬಂದರಂತೂ ಪರ್ಸೆಂಟೈಲ್ ಅವರನ್ನು ಬಿಡಿಸಲಾರದು. ಜರ್ಮನಿಯಲ್ಲಿ ಇದು ಸಾಂವಿಧಾನಿಕ ನ್ಯಾಯಾಲಯದವರೆಗೆ ಹೋಯಿತು. ರಾಜ್ಯದಿಂದ ರಾಜ್ಯಕ್ಕೆ ಶಾಲಾಂತ್ಯದ ಗ್ರೇಡು ಸಮನಲ್ಲದಿರುವಾಗ ಅದನ್ನು ಸರಿದೂಗಿಸದೆ ಬಳಸುವುದೂ, ಕೊನೆಯಿಲ್ಲದಂತೆ ಬೆಳೆದ ಕಾಯುವ ಪಟ್ಟಿಯೂ ಸಲ್ಲದೆಂದು ನ್ಯಾಯಾಲಯ 2017ರ ಡಿಸೆಂಬರ್ 19ರಂದು ಹೇಳಿತು. 2020ರಿಂದ ಅಲ್ಲಿ ಮೆಡಿಕಲ್ ಸೀಟುಗಳ ಶೇ 30 ಶಾಲಾ ಗ್ರೇಡಿನ ಮೇಲೆ, ಶೇ 10 ಶಾಲಾ ಗ್ರೇಡನ್ನು ನೋಡದೆ ಬೇರೆ ಯೋಗ್ಯತೆಯ ಮೇಲೆ, ಉಳಿದ ಶೇ 60 ವಿಶ್ವವಿದ್ಯಾಲಯಗಳ ಸ್ವಂತ ವಿಧಾನದ ಮೇಲೆ ಹಂಚಿಕೆಯಾಗುತ್ತವೆ.

ಸರಿದೂಗಿಸುವುದೂ ಕೈ ಸುಡಬಹುದು. 2020ರಲ್ಲಿ ಕೋವಿಡ್‌ನಿಂದ ಪರೀಕ್ಷೆ ರದ್ದಾದಾಗ ಇಂಗ್ಲೆಂಡಿನಲ್ಲಿ ಶಿಕ್ಷಕರ ಅಂದಾಜನ್ನು ಶಾಲೆಯ ಹಿಂದಿನ ವರ್ಷಗಳ ಫಲಿತಾಂಶಕ್ಕೆ ಹೊಂದಿಸುವ ಸೂತ್ರ ಬಳಸಿದರು. ಶಾಲಾಂತ್ಯದ ಎ-ಲೆವೆಲ್ ಪರೀಕ್ಷೆಯ ಗ್ರೇಡುಗಳಲ್ಲಿ ಸುಮಾರು ಶೇ 39 ಶಿಕ್ಷಕರು ಹೇಳಿದ್ದಕ್ಕಿಂತ ಕೆಳಗಿಳಿದವು. ಸೂತ್ರಕ್ಕೆ ತೀರಾ ಸಣ್ಣ ತರಗತಿಗಳನ್ನು ಲೆಕ್ಕಿಸಲು ಬರುತ್ತಿರಲಿಲ್ಲ. ಅಂಥ ಕಡೆ ಶಿಕ್ಷಕರ ಅಂದಾಜನ್ನೇ ಉಳಿಸಿದರು. ಸಣ್ಣ ತರಗತಿ ಎಲ್ಲಿರುತ್ತದೆ? ಶುಲ್ಕ ಕಟ್ಟುವ ಶಾಲೆಗಳಲ್ಲಿ. ಹಿಂದೆ ಯಾರೂ ಉನ್ನತ ಗ್ರೇಡ್ ಪಡೆಯದ ಶಾಲೆಯಲ್ಲಿ ಮೊದಲ ಸಲ ಒಬ್ಬ ಜಾಣೆ ಹುಟ್ಟಿಕೊಂಡಿದ್ದರೆ ಸೂತ್ರದ ಕಣ್ಣಿಗೆ ಅವಳು ಬೀಳಲೇ ಇಲ್ಲ. ಆಗಸ್ಟ್ 13ಕ್ಕೆ ಫಲಿತಾಂಶ ಬಂತು, 17ಕ್ಕೆ ಸರ್ಕಾರ ಸೂತ್ರವನ್ನು ಕೈಬಿಟ್ಟಿತು. ಗುಂಪಿನ ಸರಾಸರಿಗೆ ನ್ಯಾಯ ಮಾಡುವ ಸೂತ್ರ ಆ ಗುಂಪಿನೊಳಗಿನ ಒಬ್ಬಳಿಗೆ ಅನ್ಯಾಯ ಮಾಡಬಲ್ಲದು ಎಂಬುದನ್ನು ಸಮಿತಿಯ ಸಂಖ್ಯಾಶಾಸ್ತ್ರಜ್ಞರು ಮೊದಲೇ ಹೇಳಬೇಕು, ನೀವು ಕೇಳಿಸಿಕೊಳ್ಳಬೇಕು.

‘ಶಾಲಾ ಅಂಕಕ್ಕೆ 50, ಸಂದರ್ಶನಕ್ಕೆ 50’ ಎಂದು ನಿಯಮದಲ್ಲಿ ಬರೆದ ಮಾತ್ರಕ್ಕೆ ತೂಕ ಸಮನಾಗುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಸಂದರ್ಶನಕ್ಕೆ ಬಂದವರ ಶಾಲಾ ಅಂಕಗಳು 91ರಿಂದ 99ರೊಳಗೆ ಒತ್ತಿಕೊಂಡಿರುತ್ತವೆ: ಸರಾಸರಿ 95, ಹರವು 2 ಎನ್ನೋಣ. ಸಂದರ್ಶನದ ಅಂಕ 40ರಿಂದ 90ರವರೆಗೆ ಚೆಲ್ಲಿಕೊಂಡಿರುತ್ತದೆ: ಸರಾಸರಿ 63, ಹರವು 12. ಒಬ್ಬಳಿಗೆ ಶಾಲೆಯಲ್ಲಿ 98, ಸಂದರ್ಶನದಲ್ಲಿ 60. ಇನ್ನೊಬ್ಬನಿಗೆ 93 ಮತ್ತು 66. ಅರ್ಧರ್ಧ ಕೂಡಿಸಿದರೆ ಅವಳದು 79, ಅವನದು 79.5, ಸೀಟು ಅವನಿಗೆ. ಈಗ ಪ್ರತಿ ಅಂಕದಿಂದ ಸರಾಸರಿ ಕಳೆದು ಹರವಿನಿಂದ ಭಾಗಿಸಿ. ಅವಳು ಶಾಲೆಯಲ್ಲಿ +1.5, ಸಂದರ್ಶನದಲ್ಲಿ –0.25, ಅವನು –1.0 ಮತ್ತು +0.25. ಅರ್ಧರ್ಧದಲ್ಲಿ ಅವಳಿಗೆ +0.625, ಅವನಿಗೆ –0.375. ಕೂದಲೆಳೆಯ ಅಂತರದಲ್ಲಿ ಸೋತವಳು ಸರಿಯಾಗಿ ಲೆಕ್ಕ ಹಾಕಿದರೆ ಬಹಳ ಮುಂದಿದ್ದಾಳೆ. ಕಚ್ಚಾ ಅಂಕ ಕೂಡಿಸಿದಾಗ ಹೆಚ್ಚು ಹರವಿರುವುದೇ ಯಜಮಾನ. ಇಲ್ಲಿ ಸಂದರ್ಶನದ ಮಾತು ಶಾಲಾ ಅಂಕಕ್ಕಿಂತ ಆರು ಪಟ್ಟು ನಡೆಯಿತು. ಐರ್ಲೆಂಡಿನಲ್ಲಿ 2009ರಲ್ಲಿ ಎಚ್‌ಪ್ಯಾಟ್ ಎಂಬ ಯೋಗ್ಯತಾ ಪರೀಕ್ಷೆ ತಂದಾಗ ಶಾಲಾಂತ್ಯದ 550ರ ಮೇಲಿನ ಪ್ರತಿ 5 ಅಂಕಕ್ಕೆ 1 ಅಂಕ ಮಾತ್ರ ಎಂದು ಇಳಿಸಿದರು, 600 ಪಡೆದವರಿಗೆ 560. ಅದು ಬೇಕೆಂದೇ, ಎಲ್ಲರಿಗೂ ಕಾಣುವಂತೆ ಮಾಡಿದ ಅದುಮುವಿಕೆ. ಒಪ್ಪುವುದು ಬಿಡುವುದು ಆಮೇಲೆ, ಲೆಕ್ಕವಂತೂ ಬಯಲಲ್ಲಿತ್ತು. ನಿಮ್ಮಲ್ಲಿ ಆಗುತ್ತಿರುವುದು ಯಾರ ಗಮನಕ್ಕೂ ಬಾರದ ಅದುಮುವಿಕೆ.

ಹಾಗೆಂದು ‘ಅಂಕದಿಂದ ಏನೂ ಗೊತ್ತಾಗುವುದಿಲ್ಲ’ ಎನ್ನುವವರ ಜೊತೆಗೂ ನಾವಿಲ್ಲ. ತಮ್ಮ ಕಾಲೇಜಿನೊಳಗೆ ಪ್ರವೇಶದ ಅಂಕಕ್ಕೂ ಮುಂದಿನ ಸಾಧನೆಗೂ ಸಂಬಂಧ ಕಾಣಲಿಲ್ಲ ಎಂದು ಕೆಲವರು ವಾದಿಸುತ್ತಾರೆ. 94ರಿಂದ 98ರ ಒಳಗಿನವರನ್ನಷ್ಟೇ ಒಳಗೆ ಬಿಟ್ಟು, ಅವರೊಳಗೆ ಸಂಬಂಧ ಹುಡುಕಿದರೆ ಕಾಣುವುದಾದರೂ ಹೇಗೆ? 60 ಅಂಕದವರನ್ನು ಸೇರಿಸಿಕೊಂಡಿದ್ದರೆ ಕಾಣುತ್ತಿತ್ತು. ಹಿಂದಿನ ಓದು ಮೊದಲ ವರ್ಷಗಳ ಥಿಯರಿ ಪರೀಕ್ಷೆಗಳನ್ನು ಸಾಕಷ್ಟು ಚೆನ್ನಾಗಿ ಮುಂದಾಗಿ ಹೇಳುತ್ತದೆ. ವಾರ್ಡಿಗೆ ಕಾಲಿಟ್ಟ ಮೇಲಿನ ಕೆಲಸದ ಬಗ್ಗೆ ಅದರ ಮಾತು ಕ್ಷೀಣ. ಆದ್ದರಿಂದ ಅಂಕ ಹೊಸ್ತಿಲಾಗಿ ಇರಲಿ. ಹೊಸ್ತಿಲು ದಾಟಿದವರ ನಡುವೆ ಅದೇ ಅಂಕದಿಂದ ಓಟದ ಸ್ಪರ್ಧೆ ಬೇಡ.

ಸಂದರ್ಶನದ ವಿಷಯಕ್ಕೆ ಬಂದರೆ, ಮೂವರು ಹಿರಿಯರು ಸಾಲಾಗಿ ಕೂತು ಅರ್ಧ ಗಂಟೆ ಮಾತಾಡಿಸುವ ಪದ್ಧತಿಯನ್ನು ಕೈಬಿಡಿ. ಬಾಗಿಲು ತೆರೆದು ಒಳಗೆ ಬಂದ ಮೊದಲ ನಿಮಿಷದ ಅನಿಸಿಕೆಯೇ ಕೊನೆಯವರೆಗೆ ಅಂಕ ಹಾಕುತ್ತದೆ. ಮೂವರೂ ಒಂದೇ ಮಾತು ಕೇಳಿರುವುದರಿಂದ ಅದು ಮೂರು ಅಭಿಪ್ರಾಯವೂ ಅಲ್ಲ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ರೂಪಿಸಿ 2004ರಲ್ಲಿ ಪ್ರಕಟಿಸಿದ ಬಹು-ಕಿರುಸಂದರ್ಶನ ಪದ್ಧತಿ ಇದಕ್ಕೆ ಮದ್ದು. 8ರಿಂದ 10 ಕೊಠಡಿ, ಒಂದೊಂದರಲ್ಲಿ 8 ನಿಮಿಷ, ಬಾಗಿಲ ಮೇಲೆ ಅಂಟಿಸಿದ ಸನ್ನಿವೇಶ ಓದಿಕೊಳ್ಳಲು 2 ನಿಮಿಷ, ಪ್ರತಿ ಕೊಠಡಿಗೂ ಬೇರೆ ಮೌಲ್ಯಮಾಪಕರು. ಒಂದು ಕೊಠಡಿಯಲ್ಲಿ ಹೀಗಿರಬಹುದು: ಔಷಧಿ ಕೌಂಟರಿನ ಮುಂದೆ ಕಿವಿ ಮಂದವಾದ ಹಿರಿಯರೊಬ್ಬರು ನಿಂತಿದ್ದಾರೆ, ಎರಡು ಮಾತ್ರೆಗಳ ಬಣ್ಣ ಒಂದೇ, ಬೆಳಿಗ್ಗೆಯದು ಯಾವುದು ರಾತ್ರಿಯದು ಯಾವುದು ಎಂದು ತಿಳಿಸಿ ಹೇಳಬೇಕು. ಔಷಧಶಾಸ್ತ್ರ ಗೊತ್ತಿರಬೇಕಿಲ್ಲ. ಹೇಳಿದ್ದು ತಲುಪಿತೇ ಎಂದು ತಿರುಗಿ ಕೇಳಿದಳೇ, ದನಿ ಏರಿಸಿದ್ದು ಸಿಟ್ಟಿನಂತೆ ಕೇಳಿಸಿತೇ, ಗುರುತಿಗೆ ಬೇರೇನಾದರೂ ಉಪಾಯ ಹುಡುಕಿದಳೇ ಎಂದು ನೋಡುವುದು.

ಇಲ್ಲಿ ಎಡವುವುದು ಮೂರ್ನಾಲ್ಕು ಕಡೆ. ಕೊಠಡಿಗೆ ಇಬ್ಬರು ಮೌಲ್ಯಮಾಪಕರನ್ನು ಕೂರಿಸಿ ಕೊಠಡಿಗಳನ್ನು ಅರ್ಧಕ್ಕಿಳಿಸುತ್ತಾರೆ. ಅಷ್ಟೇ ಜನರನ್ನು ಒಬ್ಬೊಬ್ಬರಂತೆ ಹೆಚ್ಚು ಕೊಠಡಿಗಳಿಗೆ ಹಂಚಿದರೆ ಫಲಿತಾಂಶ ಹೆಚ್ಚು ನಂಬಲರ್ಹ, ಏಕೆಂದರೆ ಅಭ್ಯರ್ಥಿ ಸನ್ನಿವೇಶದಿಂದ ಸನ್ನಿವೇಶಕ್ಕೆ ಏರುಪೇರಾಗುವಷ್ಟು ಮೌಲ್ಯಮಾಪಕರು ಒಬ್ಬರಿಂದೊಬ್ಬರಿಗೆ ಆಗುವುದಿಲ್ಲ. ಎಲ್ಲರಿಗೂ 7 ಹಾಕುವ ಸಜ್ಜನರು ಒಬ್ಬರಾದರೂ ಇರುತ್ತಾರೆ. ಅವರ ಕೊಠಡಿ ಲೆಕ್ಕಕ್ಕೆ ಇದ್ದೂ ಇಲ್ಲದಂತೆ. ಬೆಳಗಿನ ಸುತ್ತಿನ ಮೂರನೇ ಕೊಠಡಿಯ ಸರಾಸರಿ 6.1, ಮಧ್ಯಾಹ್ನದ್ದು 7.4 ಎಂದಾದರೆ ಮಧ್ಯಾಹ್ನದವರು ಜಾಣರೆಂದು ತೀರ್ಮಾನಿಸುವ ಮೊದಲು ಅಲ್ಲಿ ಯಾರು ಕೂತಿದ್ದರು, ಪ್ರಶ್ನೆ ಹೊರಗೆ ಹೋಗಿತ್ತೇ ಎಂದು ನೋಡಿ. ಅಂಕ ಅಂತಿಮಗೊಳಿಸುವ ಮೊದಲು ಪ್ರತಿ ಮೌಲ್ಯಮಾಪಕರ ಸರಾಸರಿ ಮತ್ತು ಹರವಿನ ಒಂದು ಪುಟದ ಪಟ್ಟಿ ಅಧ್ಯಕ್ಷರ ಮೇಜಿಗೆ ಬರಲೇಬೇಕು. ಒಂದು ಗಂಟೆಯ ಕೆಲಸ.

ಇಷ್ಟೆಲ್ಲ ಆದ ಮೇಲೂ ಗೆರೆಯ ಮೇಲೆ ಬಿಡಿಸಲಾಗದ ಒಂದು ಗುಂಪು ಉಳಿಯುತ್ತದೆ. ಅಲ್ಲಿ ಚೀಟಿ ಎತ್ತಿ. ಮೂಗು ಮುರಿಯಬೇಡಿ, ಅಂಕ ಸಮವಾದಾಗ ವಯಸ್ಸು ನೋಡುವುದು, ಅರ್ಜಿ ಸಂಖ್ಯೆ ನೋಡುವುದು ಇವೂ ಚೀಟಿ ಎತ್ತುವುದೇ, ಹೆಸರು ಬೇರೆ. ಐರ್ಲೆಂಡಿನ ಕೇಂದ್ರೀಕೃತ ಪ್ರವೇಶದಲ್ಲಿ ಸಮ ಅಂಕದವರಿಗೆ ಯಾದೃಚ್ಛಿಕ ಸಂಖ್ಯೆ ಕೊಡುವುದು ಹಳೆಯ ರೂಢಿ. ನೆದರ್ಲೆಂಡ್ಸ್‌ನಲ್ಲಿ 1970ರ ದಶಕದಿಂದ ದಶಕಗಳ ಕಾಲ ಮೆಡಿಕಲ್ ಸೀಟು ಹಂಚಿದ್ದು ತೂಕದ ಚೀಟಿಯಿಂದ, ಹೆಚ್ಚು ಗ್ರೇಡಿಗೆ ಹೆಚ್ಚು ಅವಕಾಶ. 2017ರಲ್ಲಿ ಅದನ್ನು ತೆಗೆದು ಪೂರ್ತಿ ಆಯ್ಕೆ ಪರೀಕ್ಷೆಗೆ ಹೋದರು. 2023ರಲ್ಲಿ ಚೀಟಿಗೆ ಮತ್ತೆ ಅವಕಾಶ ಕೊಟ್ಟರು. ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯ 2024ರಲ್ಲಿ, ಹೊಸ್ತಿಲು ದಾಟಿದವರನ್ನು ಚೀಟಿಯಿಂದ ಮುಂದಿನ ಹಂತಕ್ಕೆ ಕಳಿಸುವ ಪದ್ಧತಿ ಪ್ರಕಟಿಸಿತು. ಡಚ್ಚರ ಅನುಭವದಲ್ಲಿ ಒಂದು ಎಚ್ಚರವೂ ಇದೆ: ಹತ್ತಕ್ಕೆ 9.6 ಸರಾಸರಿ ಇದ್ದ ವಿದ್ಯಾರ್ಥಿನಿ ಚೀಟಿಯಲ್ಲಿ ಪದೇಪದೇ ಸೋತದ್ದು ದೊಡ್ಡ ಗದ್ದಲವಾಗಿ, ಆಮೇಲೆ 8 ಮತ್ತು ಮೇಲಿನವರಿಗೆ ನೇರ ಪ್ರವೇಶ ಕೊಡಬೇಕಾಯಿತು. ಹಾಗಾಗಿ ಇಡೀ ಪಟ್ಟಿಗೆ ಚೀಟಿ ಬೇಡ. ಕಟ್‌ಆಫಿನ ಮೇಲೊಂದು, ಕೆಳಗೊಂದು ದೋಷದಷ್ಟು ಅಗಲದ ಅಂತರದೊಳಗಿನವರಿಗೆ ಮಾತ್ರ. ನಡೆಸುವುದು ಹೀಗೆ: ಆ ಅಂತರದೊಳಗಿನ ಅರ್ಜಿ ಸಂಖ್ಯೆಗಳನ್ನು ಮೊದಲೇ ಪ್ರಕಟಿಸಿ ಮುದ್ರೆ ಹಾಕಿ, ಬಳಸುವ ಕಂಪ್ಯೂಟರ್ ಪ್ರೋಗ್ರಾಮನ್ನು ಬಯಲಿಗಿಡಿ, ಅದಕ್ಕೆ ಕೊಡುವ ಮೊದಲ ಸಂಖ್ಯೆಯನ್ನು ನಿಗದಿಯಾದ ದಿನ ಎಲ್ಲರೆದುರು ದಾಳ ಉರುಳಿಸಿ ಪಡೆಯಿರಿ. ಯಾರು ಬೇಕಾದರೂ ಮನೆಯಲ್ಲಿ ಕೂತು ಅದೇ ಫಲಿತಾಂಶ ಬರುತ್ತದೆಯೇ ಎಂದು ತಾಳೆ ನೋಡಲಿ.

ವೈದ್ಯರು ಹಳ್ಳಿಗೆ ಹೋಗುತ್ತಿಲ್ಲ ಎಂದು ಕೊರಗುವ ಸಮಿತಿಗಳಿಗೆ ಒಂದೇ ಮಾತು. ಗ್ರಾಮೀಣ ಹಿನ್ನೆಲೆಯವರನ್ನು ಉದ್ದೇಶಪೂರ್ವಕವಾಗಿ ಸೇರಿಸಿಕೊಳ್ಳಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಶಿಫಾರಸು ಮಾಡಿದೆ. ಜಪಾನಿನ ಜಿಚಿ ವೈದ್ಯಕೀಯ ವಿಶ್ವವಿದ್ಯಾಲಯ 1972ರಿಂದ ಪ್ರತಿ ಪ್ರಾಂತ್ಯದಿಂದ ವಿದ್ಯಾರ್ಥಿಗಳನ್ನು ಆರಿಸಿ, ಶುಲ್ಕದ ಹೊರೆ ಹೊತ್ತು, ಪ್ರತಿಯಾಗಿ 9 ವರ್ಷದ ಸೇವೆ ಪಡೆಯುತ್ತದೆ. ಇಂಥ ಉದ್ದೇಶಕ್ಕೆ ಅಂಕದ ಗೆರೆ ಸರಿಸುವುದಾದರೆ ನಿಯಮದಲ್ಲಿ ಬರೆದು ಸರಿಸಿ. ಟೋಕಿಯೊ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ: ಪ್ರಬಂಧದ ಅಂಕವನ್ನು ಎಲ್ಲರಿಗೂ 0.8ರಿಂದ ಗುಣಿಸಿ ಇಳಿಸಿ, ಆಮೇಲೆ ಮತ್ತೆ ಮತ್ತೆ ಫೇಲಾಗದ ಹುಡುಗರಿಗೆ ಮಾತ್ರ ಅಂಕ ಕೂಡಿಸುತ್ತಿದ್ದರು. 2018ರಲ್ಲಿ ಅದು ಬಯಲಾಗುವವರೆಗೂ ಹುಡುಗಿಯರಿಗೆ ತಾವೇಕೆ ಸೋತೆವೆಂದು ತಿಳಿದಿರಲಿಲ್ಲ. ಗುಟ್ಟಿನ ಒಂದು ಗುಣಾಕಾರಕ್ಕೆ ಕಂಪ್ಯೂಟರಿನಲ್ಲಿ ಒಂದು ಸಾಲು ಸಾಕು.

ನಾವು ಕೇಳುತ್ತಿರುವುದು ಹಣ ಬೇಡುವ ಸುಧಾರಣೆಯಲ್ಲ. ಮುಂದಿನ ಪ್ರವೇಶ ಪ್ರಕಟಣೆಯಲ್ಲಿ, ಅರ್ಜಿ ಶುಲ್ಕ ಕಟ್ಟುವ ಮೊದಲೇ ಕಾಣುವ ಜಾಗದಲ್ಲಿ, ನಿಮ್ಮ ಪರೀಕ್ಷೆಯ ವಿಶ್ವಾಸಾರ್ಹತೆ ಮತ್ತು ದೋಷ, ಕಳೆದ ವರ್ಷ ಪ್ರತಿ ಭಾಗದ ಅಂಕಗಳ ಸರಾಸರಿ ಮತ್ತು ಹರವು, ಸಮ ಅಂಕದವರನ್ನು ಬಿಡಿಸಿದ ನಿಯಮ, ಸೇರಿದವರಲ್ಲಿ ಮೊದಲ ವರ್ಷವೇ ಬಿಟ್ಟುಹೋದವರ ಸಂಖ್ಯೆ ಇಷ್ಟನ್ನು ಹಾಕಿ. ‘ಅಗತ್ಯವಿರುವ ಅಂಕ’ ಎಂಬ ಶೀರ್ಷಿಕೆ ತೆಗೆದು ‘ಕಳೆದ ವರ್ಷ ಕೊನೆಯ ಸೀಟು ಪಡೆದವರ ಅಂಕ’ ಎಂದು ಬದಲಿಸಿ. ಸೀಟು ಸಿಗದವರಿಗೆ ಕಳಿಸುವ ಪತ್ರದಲ್ಲಿ ‘ನೀವು ಅರ್ಹರಾಗಿಲ್ಲ’ ಎಂಬ ಸಾಲಿನ ಬದಲು, ಉದಾಹರಣೆಗೆ, ಹೀಗೆ ಬರೆಯಿರಿ: ‘ನಿಮ್ಮ ಅಂಕ 89.4. ಕೊನೆಯ ಸೀಟು 90ಕ್ಕೆ ನಿಂತಿತು. ನಮ್ಮ ಪರೀಕ್ಷೆಯ ದೋಷ 3.2 ಅಂಕ. ಈ ಅಂತರದೊಳಗೆ ಒಟ್ಟು 312 ಮಂದಿ ಇದ್ದರು, ಸೀಟು ಉಳಿದಿದ್ದು 41. ನೀವು ಈ ಕೋರ್ಸ್ ಓದಲು ಅರ್ಹರು. ನಮ್ಮಲ್ಲಿ ಜಾಗ ಇರಲಿಲ್ಲ.’

ಇತಿ,
ಪ್ರವೇಶದ ಲೆಕ್ಕ ಬಲ್ಲ ಕೆಲವರು